ಹಳೆಯ ತಕ್ಕಡಿ, ಹೊಸ ಕಂಪ್ಯೂಟರ್, ನಡುವೆ ಒಂದು ಕೇಬಲ್

ನಮ್ಮ ಕಾಲೇಜಿನ ಪ್ರಯೋಗಾಲಯದ ಕಪಾಟಿನಲ್ಲಿ ಮೂರು ಉಪಕರಣಗಳಿವೆ: ಒಂದು ಎಲೆಕ್ಟ್ರಾನಿಕ್ ತಕ್ಕಡಿ, ಒಂದು ಪಿಎಚ್ ಮೀಟರ್, ಒಂದು ಕಲರಿಮೀಟರ್. ಮೂರೂ ಹದಿನೈದು ವರ್ಷ ದಾಟಿದವು, ಮೂರೂ ಇವತ್ತಿಗೂ ಕೆಲಸ ಮಾಡುತ್ತವೆ. ಆದರೆ ಈ ವರ್ಷದ ದಾಸ್ತಾನು ಪಟ್ಟಿಯಲ್ಲಿ ಅವುಗಳ ಎದುರಿಗೆ ‘ಹಳೆಯ ಮಾದರಿ, ಕಂಪ್ಯೂಟರಿಗೆ ಜೋಡಿಸಲು ಬರುವುದಿಲ್ಲ, ವಿಲೇವಾರಿ ಮಾಡಬಹುದು’ ಎಂದು ಬರೆದಿದೆ. ವಿಲೇವಾರಿ ಎಂದರೆ ಗುಜರಿ. ಆ ಪಟ್ಟಿಯನ್ನು ಶುದ್ಧಪ್ರತಿ ಮಾಡುವ ಕೆಲಸ ನಮ್ಮ ಕಾಮರ್ಸ್ ತರಗತಿಗೆ ಬಂದಿತ್ತು. ‘ಜೋಡಿಸಲು ಬರುವುದಿಲ್ಲ’ ಎಂಬ ಮಾತು ಎಷ್ಟರ ಮಟ್ಟಿಗೆ ನಿಜ ಎಂದು ನೋಡೋಣ.

ಕಾಮರ್ಸ್ ಓದುವವರಿಗೆ ಲ್ಯಾಬಿನಲ್ಲಿ ಏನು ಕೆಲಸ ಎಂದು ಕೇಳಬಹುದು. ನನ್ನ ಮಾಮು ಎಲೆಕ್ಟ್ರಾನಿಕ್ ತಕ್ಕಡಿ ರಿಪೇರಿ ಮಾಡುತ್ತಾರೆ. ಕಿರಾಣಿ ಅಂಗಡಿ, ಬೆಳ್ಳಿ ಬಂಗಾರದ ಅಂಗಡಿ, ಅಡಿಕೆ ಮಂಡಿ, ಎಲ್ಲೆಲ್ಲಿಂದಲೋ ತಕ್ಕಡಿಗಳು ಅವರ ಮೇಜಿಗೆ ಬರುತ್ತವೆ. ರಜೆಯ ದಿನ ನಾನೂ ಅಲ್ಲಿ ಕೂರುತ್ತೇನೆ. ತಕ್ಕಡಿಯ ತೂಕ ಬಿಲ್ಲಿಂಗ್ ಕಂಪ್ಯೂಟರಿನೊಳಗೆ ತಾನಾಗಿ ಹೋಗುವಂತೆ ತಂತಿ ಹಾಕುವುದೂ ಅವರ ಕೆಲಸವೇ. ಅಂಗಡಿಯ ತಕ್ಕಡಿಗೂ ಲ್ಯಾಬಿನ ತಕ್ಕಡಿಗೂ ಬೆನ್ನ ಹಿಂದಿನ ಪೋರ್ಟ್ ಬಹುಮಟ್ಟಿಗೆ ಒಂದೇ.

ಎರಡು ಯಂತ್ರ, ಎರಡು ಆಯುಸ್ಸು

ಸಮಸ್ಯೆ ಹುಟ್ಟುವುದು ಎಲ್ಲಿ ಎಂದು ಮೊದಲು ನೋಡೋಣ. ಸವಕಳಿಯ ಪಾಠ ಓದಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಆದಾಯ ತೆರಿಗೆ ನಿಯಮದಲ್ಲಿ ಸಾಮಾನ್ಯ ಯಂತ್ರೋಪಕರಣಗಳಿಗೆ ವರ್ಷಕ್ಕೆ ಶೇಕಡಾ 15, ಕಂಪ್ಯೂಟರಿಗೆ ಶೇಕಡಾ 40 ಸವಕಳಿ ಹಾಕುತ್ತಾರೆ. ಉಳಿದ ಮೌಲ್ಯದ ಮೇಲೆ ಲೆಕ್ಕ ಹಾಕುವ ವಿಧಾನದಲ್ಲಿ, 50,000 ರೂಪಾಯಿಯ ಒಂದು ಉಪಕರಣದ ಪುಸ್ತಕ ಮೌಲ್ಯ 15 ವರ್ಷಕ್ಕೆ ಸುಮಾರು 4,370 ರೂಪಾಯಿಗೆ ಇಳಿಯುತ್ತದೆ. ಅಷ್ಟೇ ಬೆಲೆಯ ಕಂಪ್ಯೂಟರು 5 ವರ್ಷಕ್ಕೇ ಸುಮಾರು 3,890ಕ್ಕೆ ಬಂದುಬಿಡುತ್ತದೆ. ಅಂದರೆ ಒಂದು ತಕ್ಕಡಿಯ ಆಯುಸ್ಸಿನಲ್ಲಿ ಮೂರು ಕಂಪ್ಯೂಟರು ಬಂದು ಹೋಗುತ್ತವೆ.

ಪುಸ್ತಕದ ಲೆಕ್ಕ ಹಾಗಿರಲಿ, ನಿಜದಲ್ಲೂ ಹಾಗೆಯೇ. ತಕ್ಕಡಿಯೊಳಗಿನ ತೂಕ ಅಳೆಯುವ ಭಾಗ ಜೋಪಾನವಾಗಿ ಬಳಸಿದರೆ ಬೇಗ ಹಾಳಾಗುವುದಿಲ್ಲ. ಒಂದು ಗ್ರಾಂ ಎಂಬುದು ಹೊಸ ಆವೃತ್ತಿ ಬಂದ ಕೂಡಲೇ ಬದಲಾಗುವ ವಸ್ತುವೂ ಅಲ್ಲ. ಬದಲಾಗುವುದು ಕಂಪ್ಯೂಟರು, ಅದರ ವಿಂಡೋಸು, ಅದರ ಹಿಂಬದಿಯ ರಂಧ್ರಗಳು. ತಕ್ಕಡಿ ಕೊಂಡ ಕಾಲದ ಕಂಪ್ಯೂಟರುಗಳಲ್ಲಿ ಒಂಬತ್ತು ಪಿನ್ನಿನ ಪೋರ್ಟ್ ಇರುತ್ತಿತ್ತು. ಇಂದಿನ ಲ್ಯಾಪ್‌ಟಾಪಿನಲ್ಲಿ ಯುಎಸ್‌ಬಿ ಬಿಟ್ಟರೆ ಹೆಚ್ಚೇನೂ ಇಲ್ಲ. ಹೀಗಾಗಿ ತಕ್ಕಡಿ ಮೂಕವಾಗಿದೆ ಎಂದು ನಮಗೆ ಕಾಣುತ್ತದೆ. ಅದು ಮಾತಾಡುತ್ತಲೇ ಇದೆ, ಕೇಳುವ ಕಿವಿಯನ್ನು ಕಂಪ್ಯೂಟರಿನಿಂದ ತೆಗೆದಿದ್ದಾರೆ.

ಕೈಯಲ್ಲೇ ಬರೆದುಕೊಂಡರೆ ಆಗದೆ?

ಆಗುತ್ತದೆ. ಇಷ್ಟು ವರ್ಷ ಹಾಗೆಯೇ ನಡೆದಿದೆ. ಆದರೂ ಜೋಡಿಸುವುದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು ನಮ್ಮ ಅಕೌಂಟೆನ್ಸಿಯವರಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದಾಗ ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡಿ ಎಂದು ಹೇಳಿಕೊಡುತ್ತಾರೆ. ನಿಶ್ಶೇಷವಾಗಿ ಭಾಗವಾದರೆ ಎಲ್ಲೋ ಎರಡು ಅಂಕಿ ಅದಲುಬದಲಾಗಿರಬಹುದು. 47 ಬರೆಯುವಲ್ಲಿ 74 ಬರೆದರೆ ವ್ಯತ್ಯಾಸ 27. 36 ಬರೆಯುವಲ್ಲಿ 63 ಬರೆದರೂ 27. ಯಾವ ಎರಡು ಪಕ್ಕದ ಅಂಕಿ ಸ್ಥಾನ ಬದಲಿಸಿದರೂ ವ್ಯತ್ಯಾಸ ಆ ಅಂಕಿಗಳ ಅಂತರದ ಒಂಬತ್ತರಷ್ಟಾಗುತ್ತದೆ. ಲೆಕ್ಕಪತ್ರದಲ್ಲಿ ಈ ತಪ್ಪು ಸಿಕ್ಕಿಬೀಳುವುದು ಎರಡು ಬದಿ ಇರುವುದರಿಂದ. ಲ್ಯಾಬಿನಲ್ಲಿ ಡೆಬಿಟ್ ಮಾತ್ರ ಇದೆ, ಕ್ರೆಡಿಟ್ ಇಲ್ಲ. 12.47 ಗ್ರಾಂ ಅನ್ನು 12.74 ಎಂದು ಬರೆದುಕೊಂಡರೆ ಎದುರಿಗೆ ನಿಂತು ‘ತಾಳೆಯಾಗಲಿಲ್ಲ’ ಎನ್ನುವವರು ಯಾರೂ ಇಲ್ಲ. ತಕ್ಕಡಿ ಕಳಿಸಿದ್ದನ್ನೇ ಕಂಪ್ಯೂಟರು ಬರೆದುಕೊಂಡರೆ ಈ ತಪ್ಪಿಗೆ ಜಾಗವೇ ಇರುವುದಿಲ್ಲ.

ಎರಡನೆಯದು ವೇಗ. ಅಮೃತಶಿಲೆಯ ಚೂರುಗಳಿಗೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಫ್ಲಾಸ್ಕನ್ನು ತಕ್ಕಡಿಯ ಮೇಲಿಟ್ಟರೆ, ಕಾರ್ಬನ್ ಡೈಆಕ್ಸೈಡ್ ಹೊರಹೋಗುತ್ತಾ ತೂಕ ಇಳಿಯುತ್ತದೆ. 100 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿನಿಂದ 44 ಗ್ರಾಂ ಅನಿಲ ಬರುತ್ತದೆ. ಹಾಗಾದರೆ 5 ಗ್ರಾಂ ಪೂರ್ತಿ ಕರಗಿದರೆ 2.2 ಗ್ರಾಂ ಇಳಿಯಬೇಕು. ಕೈಯಲ್ಲಿ ಬರೆಯುವವರು ಅರ್ಧ ನಿಮಿಷಕ್ಕೊಂದು ಅಂಕಿ ಬರೆದಾರು. ಆದರೆ ಕ್ರಿಯೆ ಬಲು ಜೋರಾಗಿ ನಡೆಯುವುದು ಆರಂಭದಲ್ಲೇ. ಸೆಕೆಂಡಿಗೊಂದು ಅಂಕಿ ಬರೆಯಲು ಮನುಷ್ಯರಿಂದ ಆಗದು. ಕಂಪ್ಯೂಟರಿಗೆ ಐದು ನಿಮಿಷದಲ್ಲಿ 300 ಅಂಕಿ ಬರೆಯುವುದು ಕಷ್ಟವೇ ಅಲ್ಲ.

ಹಿಂಬದಿ ತಿರುಗಿಸಿ ನೋಡಿ

ಯಾವ ಹಳೆಯ ಉಪಕರಣವಾದರೂ ಮೊದಲು ಅದರ ಬೆನ್ನು ನೋಡಬೇಕು. ಸಾಮಾನ್ಯವಾಗಿ ಅಲ್ಲಿ ಮೂರರಲ್ಲಿ ಒಂದು ಬಗೆಯ ಬಾಯಿ ಇರುತ್ತದೆ.

ಮೊದಲನೆಯದು ಸೀರಿಯಲ್ ಪೋರ್ಟ್. ಆರ್‌ಎಸ್-232 ಎಂಬ ಹೆಸರಿರುತ್ತದೆ. ಒಂಬತ್ತು ಪಿನ್, ಕೆಲವು ಹಳೆಯವುಗಳಲ್ಲಿ ಇಪ್ಪತ್ತೈದು. ಎರಡನೆಯದು ಜಿಪಿಐಬಿ, ಇಪ್ಪತ್ತನಾಲ್ಕು ಸಂಪರ್ಕಗಳ ಅಗಲವಾದ ಕನೆಕ್ಟರ್. ಮೂರನೆಯದು ‘ರೆಕಾರ್ಡರ್’ ಎಂದು ಬರೆದ ಎರಡು ಸಣ್ಣ ತೂತುಗಳು. ಅದರಿಂದ ಅಂಕಿ ಬರುವುದಿಲ್ಲ, ವೋಲ್ಟೇಜ್ ಬರುತ್ತದೆ.

ಕಂಪ್ಯೂಟರಿನ ಕಡೆ ಒಂದು ಗೊಂದಲ ಬೇಡ. ಮಾನಿಟರಿಗೆ ಹೋಗುವ ನೀಲಿ ಬಣ್ಣದ್ದು ಹದಿನೈದು ತೂತಿನದು, ಅದು ಸೀರಿಯಲ್ ಅಲ್ಲ. ಹಳೆಯ ಕಂಪ್ಯೂಟರಿನಲ್ಲಿರುವ ಇಪ್ಪತ್ತೈದು ತೂತಿನದು ಪ್ರಿಂಟರಿಗೆ ಸೇರಿದ್ದು.

ನಮ್ಮ ತಕ್ಕಡಿಯಲ್ಲೂ ಪಿಎಚ್ ಮೀಟರಿನಲ್ಲೂ ಮೊದಲ ಬಗೆ ಇದೆ. ಕಲರಿಮೀಟರಿನಲ್ಲಿ ಮೂರನೆಯದು.

ಮೂರು ತಂತಿಯ ಭಾಷೆ

ಆರ್‌ಎಸ್-232 ಎಂಬ ನಿಯಮ ಅಮೆರಿಕದಲ್ಲಿ 1960ರಲ್ಲಿ ಬಂತು. ಟರ್ಮಿನಲ್ಲುಗಳನ್ನು ಮೋಡೆಮಿಗೆ ಜೋಡಿಸಲು ಮಾಡಿದ್ದು. ಅರವತ್ತು ವರ್ಷ ದಾಟಿದರೂ ಅದು ಸಾಯದಿರುವುದಕ್ಕೆ ಕಾರಣ ಅದರ ಸರಳತೆ. ಒಂಬತ್ತು ಪಿನ್ನಿದ್ದರೂ ಮಾತಾಡಲು ಮೂರೇ ಸಾಕು. ಕಂಪ್ಯೂಟರಿನ ಕಡೆಯಲ್ಲಿ 2ನೆಯ ಪಿನ್ ಕೇಳುವುದು, 3ನೆಯದು ಹೇಳುವುದು, 5ನೆಯದು ಇಬ್ಬರಿಗೂ ಸೇರಿದ ನೆಲ.

ಮಾತು ಹೋಗುವುದು ಒಂದೊಂದೇ ಬಿಟ್ಟಾಗಿ, ಸಾಲಾಗಿ. ತಂತಿಯಲ್ಲಿ ಮೈನಸ್ 3ರಿಂದ ಮೈನಸ್ 15 ವೋಲ್ಟ್ ಇದ್ದರೆ ಅದು 1. ಪ್ಲಸ್ 3ರಿಂದ ಪ್ಲಸ್ 15 ಇದ್ದರೆ ಅದು 0. ಪ್ರತಿ ಅಕ್ಷರಕ್ಕೂ ಮುಂದೆ ‘ಶುರು’ ಎನ್ನುವ ಒಂದು ಬಿಟ್, ನಂತರ ಅಕ್ಷರದ ಎಂಟು ಬಿಟ್, ಕೊನೆಗೆ ‘ಮುಗಿಯಿತು’ ಎನ್ನುವ ಒಂದು ಬಿಟ್. ಒಟ್ಟು ಹತ್ತು. ವೇಗ 9600 ಎಂದರೆ ಸೆಕೆಂಡಿಗೆ 9600 ಬಿಟ್, ಅಂದರೆ 960 ಅಕ್ಷರ. ತಕ್ಕಡಿ ಕಳಿಸುವ ಒಂದು ಸಾಲು ಹದಿನಾರು ಅಕ್ಷರದ್ದಾದರೆ ಸೆಕೆಂಡಿಗೆ ಅರವತ್ತು ಸಾಲು ಹಿಡಿಸುತ್ತದೆ. ನಮಗೆ ಬೇಕಾದ್ದು ಒಂದು.

ಇಬ್ಬರೂ ಒಂದೇ ವೇಗದಲ್ಲಿ, ಒಂದೇ ಕ್ರಮದಲ್ಲಿ ಮಾತಾಡಬೇಕು. ತಕ್ಕಡಿ 2400ರಲ್ಲಿ ಹೇಳುತ್ತಿದ್ದು ಕಂಪ್ಯೂಟರು 9600ರಲ್ಲಿ ಕೇಳುತ್ತಿದ್ದರೆ ಪರದೆಯ ಮೇಲೆ ಚಿತ್ರವಿಚಿತ್ರ ಚಿಹ್ನೆಗಳು ಬರುತ್ತವೆ. ಅದನ್ನು ನೋಡಿ ಉಪಕರಣ ಕೆಟ್ಟಿದೆ ಎಂದುಕೊಳ್ಳಬಾರದು. ಅದು ಒಳ್ಳೆಯ ಲಕ್ಷಣ: ತಂತಿ ಸರಿಯಿದೆ, ವೇಗ ಮಾತ್ರ ಹೊಂದಿಸಬೇಕು. ಏನೂ ಬರದಿದ್ದಾಗಲೇ ತಂತಿಯ ಕಡೆ ನೋಡಬೇಕು. ಎರಡೂ ಕಡೆಯವರು ‘ನಾನು ಹೇಳುವುದು 3ರಲ್ಲಿ’ ಎಂದು ಕೂತಿದ್ದರೆ ಬಾಯಿಗೆ ಬಾಯಿ, ಕಿವಿಗೆ ಕಿವಿ ಸೇರಿದಂತಾಗುತ್ತದೆ. ಅದಕ್ಕೆ 2 ಮತ್ತು 3ನ್ನು ಅಡ್ಡ ಬದಲಿಸಿದ ಕೇಬಲ್ ಬೇಕು. ಅಂಗಡಿಯಲ್ಲಿ ‘ಕ್ರಾಸ್ ಕೇಬಲ್’ ಅಥವಾ ‘ನಲ್ ಮೋಡೆಮ್’ ಎಂದು ಕೇಳಿದರೆ ಕೊಡುತ್ತಾರೆ.

ಜೋಡಿಸುವ ಕ್ರಮ

ಯುಎಸ್‌ಬಿ 1996ರಲ್ಲಿ ಬಂದ ಮೇಲೆ ಸೀರಿಯಲ್ ಪೋರ್ಟ್ ನಿಧಾನವಾಗಿ ಕಂಪ್ಯೂಟರುಗಳಿಂದ ಮಾಯವಾಯಿತು. ಆದರೆ ಎರಡರ ನಡುವೆ ದುಭಾಷಿಯಂತೆ ಕೂರುವ ಕೇಬಲ್ ಸಿಗುತ್ತದೆ. ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಈ ಕೇಬಲಿನ ಬೆಲೆ ಕೆಲವು ನೂರು ರೂಪಾಯಿ. ಅದರ ತಲೆಯೊಳಗೆ ಒಂದು ಚಿಪ್ ಇರುತ್ತದೆ. ಅದು ಕಂಪ್ಯೂಟರಿಗೆ ‘ನಾನು ಒಂದು ಕಾಮ್ ಪೋರ್ಟ್’ ಎಂದು ಪರಿಚಯ ಹೇಳಿಕೊಳ್ಳುತ್ತದೆ.

1. ಉಪಕರಣದ ಕೈಪಿಡಿ ಅಥವಾ ಅದರ ಸೆಟ್ಟಿಂಗ್ ಮೆನು ನೋಡಿ ನಾಲ್ಕು ವಿಷಯ ಬರೆದುಕೊಳ್ಳಿ: ವೇಗ, ಡೇಟಾ ಬಿಟ್, ಪ್ಯಾರಿಟಿ, ಸ್ಟಾಪ್ ಬಿಟ್. ಬಹಳಷ್ಟರಲ್ಲಿ 9600, 8, ಇಲ್ಲ, 1 ಎಂದಿರುತ್ತದೆ.

2. ಕೇಬಲನ್ನು ಮೊದಲು ಕಂಪ್ಯೂಟರಿಗೆ ಮಾತ್ರ ಹಾಕಿ. ಡಿವೈಸ್ ಮ್ಯಾನೇಜರಿನಲ್ಲಿ ‘ಕಾಮ್ 3’ ಅಥವಾ ‘ಕಾಮ್ 5’ ಎಂಬಂತೆ ಒಂದು ಹೊಸ ಪೋರ್ಟ್ ಕಾಣಿಸಬೇಕು. ಕಾಣಿಸದಿದ್ದರೆ ಡ್ರೈವರ್ ಹಾಕಬೇಕು.

3. ಕೇಬಲನ್ನೇ ಪರೀಕ್ಷಿಸಿ. 2 ಮತ್ತು 3ನೆಯ ಪಿನ್ನುಗಳನ್ನು ಒಂದು ಚೂರು ತಂತಿಯಿಂದ ಸೇರಿಸಿ, ಪುಟ್ಟಿಯಂತಹ ಉಚಿತ ಟರ್ಮಿನಲ್ ತಂತ್ರಾಂಶದಲ್ಲಿ ಏನಾದರೂ ಟೈಪ್ ಮಾಡಿ. ಟೈಪ್ ಮಾಡಿದ್ದು ಪರದೆಯ ಮೇಲೆ ಮರಳಿ ಬಂದರೆ ಕೇಬಲ್ ಸರಿಯಿದೆ. ಮಾಮು ಯಾವ ಅಂಗಡಿಗೆ ಹೋದರೂ ಮೊದಲು ಮಾಡುವುದು ಇದನ್ನೇ. ಇದರಿಂದ ಅರ್ಧ ಜಗಳ ಮುಗಿಯುತ್ತದೆ ಎನ್ನುತ್ತಾರೆ. (ಹಳೆಯ ವಿಂಡೋಸ್‌ನಲ್ಲಿ ಇದಕ್ಕೆ ಹೈಪರ್‌ಟರ್ಮಿನಲ್ ಇತ್ತು. ವಿಸ್ಟಾದಿಂದ ಮುಂದೆ ಅದನ್ನು ತೆಗೆದಿದ್ದಾರೆ.)

4. ಈಗ ಎರಡನ್ನೂ ಆಫ್ ಮಾಡಿ, ಉಪಕರಣ ಜೋಡಿಸಿ, ಆನ್ ಮಾಡಿ. ಟರ್ಮಿನಲ್ಲಿನಲ್ಲಿ ಆ ನಾಲ್ಕು ಸೆಟ್ಟಿಂಗ್ ಕೊಟ್ಟು ತಕ್ಕಡಿಯ ‘ಪ್ರಿಂಟ್’ ಗುಂಡಿ ಒತ್ತಿ. ತಕ್ಕಡಿ ತಾನು ಪ್ರಿಂಟರಿಗೆ ಕಳಿಸುತ್ತಿದ್ದೇನೆ ಎಂದುಕೊಂಡು ಒಂದು ಸಾಲು ಕಳಿಸುತ್ತದೆ. ಆಚೆ ಇರುವುದು ಪ್ರಿಂಟರೋ ಕಂಪ್ಯೂಟರೋ ಅದಕ್ಕೆ ಗೊತ್ತಾಗುವುದಿಲ್ಲ.

5. ಸಾಲು ಬಂತೆಂದರೆ ಮುಖ್ಯ ಕೆಲಸ ಮುಗಿಯಿತು. ಇನ್ನು ಪುಟ್ಟಿಯಲ್ಲೇ ಅದನ್ನು ಫೈಲಿಗೆ ಉಳಿಸಿ ಎಕ್ಸೆಲ್‌ನಲ್ಲಿ ತೆರೆಯಬಹುದು. ಕಂಪ್ಯೂಟರ್ ಸೈನ್ಸ್ ತರಗತಿಯವರಾದರೆ ಪೈಥಾನಿನ ಪೈಸೀರಿಯಲ್ ಬಳಸಿ ಹತ್ತಿಪ್ಪತ್ತು ಸಾಲಿನಲ್ಲಿ ಸಮಯ ಮತ್ತು ತೂಕ ಎರಡನ್ನೂ ದಾಖಲಿಸಬಹುದು.

ಕೇಬಲ್ ಕೊಳ್ಳುವಾಗ ಒಂದು ಎಚ್ಚರಿಕೆ. ಈ ಚಿಪ್ಪುಗಳಿಗೆ ನಕಲಿ ಬಹಳ. 2014ರಲ್ಲಿ ಎಫ್‌ಟಿಡಿಐ ಎಂಬ ಚಿಪ್ ಕಂಪನಿಯ ಹೊಸ ಡ್ರೈವರ್ ವಿಂಡೋಸ್ ಅಪ್‌ಡೇಟ್ ಮೂಲಕ ಬಂದಾಗ, ನಕಲಿ ಚಿಪ್ಪಿನ ಗುರುತಿನ ಸಂಖ್ಯೆಯನ್ನು ಸೊನ್ನೆ ಮಾಡಿಬಿಟ್ಟಿತು. ನಕಲಿ ಎಂದು ತಿಳಿಯದೆ ಕೊಂಡವರ ಕೇಬಲ್ಲೂ ರಾತ್ರೋರಾತ್ರಿ ಕೆಲಸ ನಿಲ್ಲಿಸಿತು. ಆದ್ದರಿಂದ ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ, ಹಿಂದಿರುಗಿಸುವ ಅವಕಾಶ ಇದೆಯೇ ಕೇಳಿ.

ಅಂಕಿ ಬರದೆ ವೋಲ್ಟೇಜ್ ಮಾತ್ರ ಬಂದರೆ

ಕಲರಿಮೀಟರಿನ ಕತೆ ಬೇರೆ. ಅದರ ರೆಕಾರ್ಡರ್ ತೂತುಗಳು ಕಾಗದದ ಸುರುಳಿಯ ಮೇಲೆ ಪೆನ್ನು ಗೀಚುವ ಯಂತ್ರಕ್ಕಾಗಿ ಮಾಡಿದವು. ಓದಿಕೆ ಏರಿದಂತೆ ವೋಲ್ಟೇಜ್ ಏರುತ್ತದೆ, ನಮ್ಮದರಲ್ಲಿ 0ಯಿಂದ 1 ವೋಲ್ಟ್. ವೋಲ್ಟೇಜನ್ನು ಅಂಕಿ ಮಾಡುವ ಒಂದು ಸಣ್ಣ ಬೋರ್ಡ್ ನಡುವೆ ಬೇಕು.

ಹೆಚ್ಚಿನವರಿಗೆ ಗೊತ್ತಿರುವುದು ಆರ್ಡ್ವಿನೊ ಊನೊ. ಅದು 0ಯಿಂದ 5 ವೋಲ್ಟನ್ನು 1024 ಮೆಟ್ಟಿಲಾಗಿ ಕತ್ತರಿಸುತ್ತದೆ, ಒಂದೊಂದು ಮೆಟ್ಟಿಲು ಸುಮಾರು 4.9 ಮಿಲಿವೋಲ್ಟ್. ನಮ್ಮ 1 ವೋಲ್ಟಿಗೆ ಅದರಲ್ಲಿ ಸಿಗುವುದು ಇನ್ನೂರು ಚಿಲ್ಲರೆ ಮೆಟ್ಟಿಲು ಮಾತ್ರ. ಆದರೆ ಅದೇ ಬೋರ್ಡಿನಲ್ಲಿ 1.1 ವೋಲ್ಟಿನ ಒಳ ಅಳತೆಗೋಲು ಇದೆ. ಪ್ರೋಗ್ರಾಮಿನಲ್ಲಿ ಒಂದು ಸಾಲು ಬದಲಿಸಿ ಅದನ್ನು ಆರಿಸಿಕೊಂಡರೆ ಮೆಟ್ಟಿಲು ಸುಮಾರು 1 ಮಿಲಿವೋಲ್ಟಿಗೆ ಸಣ್ಣದಾಗುತ್ತದೆ. ಖರ್ಚಿಲ್ಲದೆ ಐದು ಪಟ್ಟು ಸೂಕ್ಷ್ಮತೆ.

ಇದಕ್ಕಿಂತ ಅನುಕೂಲವಾದದ್ದು ಎಕ್ಸ್‌ಪೈಸ್. ಇದನ್ನು ರೂಪಿಸಿದ್ದು ನವದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಿಲರೇಟರ್ ಸೆಂಟರ್, ಅದೂ ಕಾಲೇಜುಗಳ ಪ್ರಯೋಗಾಲಯಕ್ಕಾಗಿಯೇ. ಯುಎಸ್‌ಬಿಗೆ ಹಾಕಿದರೆ ಸಾಕು, ವೋಲ್ಟೇಜ್ ಓದಿ ಗ್ರಾಫ್ ಬಿಡಿಸುತ್ತದೆ. ತಂತ್ರಾಂಶ ಉಚಿತ.

ಪಿಎಚ್ ಮೀಟರಿನ ಬಗ್ಗೆ ಒಂದು ಮಾತು ಸೇರಿಸಬೇಕು. ಮೀಟರು ಬಿಟ್ಟು ಗಾಜಿನ ಎಲೆಕ್ಟ್ರೋಡನ್ನೇ ನೇರವಾಗಿ ಬೋರ್ಡಿಗೆ ಹಾಕಿದರೇನು ಎಂದು ಒಬ್ಬ ಗೆಳೆಯ ಕೇಳಿದ. ಅದು ನಡೆಯದು. ಎಲೆಕ್ಟ್ರೋಡು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಪಿಎಚ್‌ಗೆ ಸುಮಾರು 59 ಮಿಲಿವೋಲ್ಟ್ ಮಾತ್ರ ಕೊಡುತ್ತದೆ, ಅದರ ಒಳರೋಧವೋ ಹತ್ತಾರು, ನೂರಾರು ಮೆಗಾಓಮ್. ಬೋರ್ಡು ಅಳೆಯಲು ಹೋದರೆ ಆ ಪುಟ್ಟ ವೋಲ್ಟೇಜು ಕುಸಿದುಹೋಗುತ್ತದೆ. ಆ ನಾಜೂಕು ಕೆಲಸಕ್ಕಾಗಿಯೇ ಮೀಟರಿನೊಳಗೆ ಒಳ್ಳೆಯ ಆಂಪ್ಲಿಫೈಯರ್ ಕೂತಿದೆ. ಹಳೆಯ ಉಪಕರಣದ ಬೆಲೆಬಾಳುವ ಭಾಗ ಇಂಥದ್ದೇ. ಅದನ್ನು ಗುಜರಿಗೆ ಹಾಕಿದರೆ ಪ್ಲಾಸ್ಟಿಕ್ ಮತ್ತು ತಗಡಿನ ತೂಕಕ್ಕೆ ಹಣ ಕೊಡುತ್ತಾರೆ, ಆಂಪ್ಲಿಫೈಯರಿಗೆ ಯಾರೂ ಕೊಡುವುದಿಲ್ಲ.

ದೊಡ್ಡ ಪ್ರಯೋಗಾಲಯಗಳಲ್ಲಿ

ಇದು ನಮ್ಮಂಥ ಸಣ್ಣ ಕಾಲೇಜಿನ ಬಡತನದ ಉಪಾಯ ಎಂದು ಯಾರೂ ಭಾವಿಸಬೇಕಿಲ್ಲ. ಹ್ಯೂಲೆಟ್ ಪ್ಯಾಕರ್ಡ್ ಕಂಪನಿ 1989ರಲ್ಲಿ ಹೊರತಂದ 3458ಎ ಎಂಬ ಮಲ್ಟಿಮೀಟರನ್ನು ವೋಲ್ಟೇಜಿನ ನಿಖರ ಅಳತೆಗಾಗಿ ಜಗತ್ತಿನ ಮಾಪನ ಪ್ರಯೋಗಾಲಯಗಳು ದಶಕಗಳಿಂದ ಬಳಸುತ್ತಿವೆ. ಅದು ಕಂಪ್ಯೂಟರಿನ ಜೊತೆ ಮಾತಾಡುವುದು ಜಿಪಿಐಬಿಯಲ್ಲೇ. ಜಿಪಿಐಬಿ ಅದೇ ಕಂಪನಿ ಮಾಡಿದ ಪದ್ಧತಿ, 1975ರಲ್ಲಿ ಐಇಇಇ-488 ಎಂಬ ಮಾನಕವಾಯಿತು. ಒಂದೇ ಸಾಲಿನಲ್ಲಿ 15 ಸಾಧನಗಳವರೆಗೆ ಸೇರಿಸಬಹುದು, ಕೇಬಲ್ ಒಟ್ಟು 20 ಮೀಟರ್ ಮೀರಬಾರದು. ಇದಕ್ಕೆ ಯುಎಸ್‌ಬಿ ಅಡಾಪ್ಟರ್ ದುಬಾರಿ, ಹೆಸರುವಾಸಿ ಕಂಪನಿಗಳದ್ದಾದರೆ ಹತ್ತಾರು ಸಾವಿರ ರೂಪಾಯಿ. ಆದರೆ ಉಪಕರಣದ ಬೆಲೆಯ ಮುಂದೆ ಅದು ಸಣ್ಣದು. ಅವರೂ ಮಾಡುವುದು ನಮ್ಮದೇ ಲೆಕ್ಕ: ಹೊಸದು ಕೊಳ್ಳುವ ಖರ್ಚು ಒಂದು ಕಡೆ, ದುಭಾಷಿಯ ಖರ್ಚು ಇನ್ನೊಂದು ಕಡೆ.

ಕೆಲವು ಕಡೆ ಉಪಕರಣದ ತಂತ್ರಾಂಶ ಹಳೆಯ ವಿಂಡೋಸಿನಲ್ಲಿ ಮಾತ್ರ ನಡೆಯುತ್ತದೆ. ಅಲ್ಲಿ ಹಳೆಯ ಕಂಪ್ಯೂಟರನ್ನೇ ಉಳಿಸಿಕೊಳ್ಳುತ್ತಾರೆ. ಅದು ತಪ್ಪಲ್ಲ, ಆದರೆ ವಿಂಡೋಸ್ ಎಕ್ಸ್‌ಪಿಗೆ ಭದ್ರತಾ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿದೆ. ಅಂಥ ಕಂಪ್ಯೂಟರನ್ನು ಇಂಟರ್ನೆಟ್ಟಿಗೆ ಸೇರಿಸಬಾರದು.

ಮಾಡಬಾರದ್ದು

ಸೀರಿಯಲ್ ಪೋರ್ಟಿನ ತಂತಿಯನ್ನು ನೇರವಾಗಿ ಆರ್ಡ್ವಿನೊಗೆ ಹಾಕಬೇಡಿ. ಒಂದರಲ್ಲಿ ಹನ್ನೆರಡು ವೋಲ್ಟ್ ಅತ್ತಿತ್ತ ಆಡುತ್ತದೆ, ಇನ್ನೊಂದು ತಡೆಯುವುದು ಐದು. ನಡುವೆ ಮ್ಯಾಕ್ಸ್-232 ಎಂಬ ಚಿಪ್ ಬೇಕು. ಉಪಕರಣದ ಮುಚ್ಚಳ ತೆಗೆಯಬೇಡಿ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಅಮೃತಶಿಲೆಯ ಪ್ರಯೋಗದಲ್ಲಿ ಫ್ಲಾಸ್ಕಿನ ಬಾಯಿಗೆ ಹತ್ತಿ ಇಡಿ, ಆಮ್ಲದ ತುಂತುರು ತಕ್ಕಡಿಯ ಮೇಲೆ ಬೀಳಬಾರದು.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಮಾಮು ಹೇಳುವ ಮಾತಿನಲ್ಲೇ ಹೇಳುತ್ತೇನೆ: “ಪೈಲೆ ಕಾಂಟಾ ಸೀದಾ ಕರೋ, ಬಾದ್ ಮೇ ಕಂಪ್ಯೂಟರ್ ಕು ಪೂಛೋ.” ಮೊದಲು ತಕ್ಕಡಿ ಸರಿ ಮಾಡಿ, ಆಮೇಲೆ ಕಂಪ್ಯೂಟರನ್ನು ಕೇಳಿ. ಕೇಬಲ್ ಅಂಕಿಯನ್ನು ಸಾಗಿಸುತ್ತದೆ, ತಿದ್ದುವುದಿಲ್ಲ. ತಕ್ಕಡಿಯ ಗುಳ್ಳೆ ನಡುವೆ ಇಲ್ಲದಿದ್ದರೆ ತಪ್ಪು ತೂಕವೇ ನೀಟಾಗಿ, ಮೂರು ದಶಮಾಂಶದವರೆಗೆ, ಎಕ್ಸೆಲ್‌ನಲ್ಲಿ ಬಂದು ಕೂರುತ್ತದೆ. ನೀಟಾಗಿ ಕಂಡದ್ದನ್ನು ಜನ ನಂಬುತ್ತಾರೆ, ಅದೇ ಅಪಾಯ. ಪ್ರಯೋಗಕ್ಕೆ ಮೊದಲು ತೂಕ ಗೊತ್ತಿರುವ ಕಲ್ಲನ್ನಿಟ್ಟು ನೋಡಬೇಕು.

ನಮ್ಮ ಮೂರು ಉಪಕರಣಗಳು

ರಸಾಯನಶಾಸ್ತ್ರದ ಸರ್ ಒಪ್ಪಿಗೆ ಪಡೆದು, ಲ್ಯಾಬ್ ಅಟೆಂಡರ್ ಅಣ್ಣನ ಸಮ್ಮುಖದಲ್ಲಿ, ಒಂದು ಶನಿವಾರ ಮಧ್ಯಾಹ್ನ ತಕ್ಕಡಿಯನ್ನು ಜೋಡಿಸಿ ನೋಡಿದೆವು. ಕೇಬಲ್ ಮಾಮು ಅವರದು, ಲ್ಯಾಪ್‌ಟಾಪ್ ಕಂಪ್ಯೂಟರ್ ವಿಭಾಗದ್ದು. 2400ಕ್ಕೆ ಹೊಂದಿಸಿದ ಮೇಲೆ ತೂಕ ಸಾಲುಸಾಲಾಗಿ ಬಂತು. ಅಮೃತಶಿಲೆಯ ಗ್ರಾಫು ಆರಂಭದಲ್ಲಿ ಕಡಿದಾಗಿ ಇಳಿದು ಆಮೇಲೆ ಮಟ್ಟಸವಾಯಿತು. ದ್ವಿತೀಯ ಪಿಯುಸಿ ವಿಜ್ಞಾನದವರು ಅದನ್ನು ನೋಡಿ, ಪುಸ್ತಕದಲ್ಲಿರುವ ಗೆರೆ ನಮ್ಮ ಲ್ಯಾಬಿನಲ್ಲೂ ಬರುತ್ತದೆ ಎಂದರು. ಪಿಎಚ್ ಮೀಟರಿಗೂ ಅದೇ ಕೇಬಲ್ ಸಾಕು. ಕಲರಿಮೀಟರಿಗೆ ಒಂದು ಬೋರ್ಡ್ ಬೇಕು.

ಪಟ್ಟಿಯಲ್ಲಿ ಮೂರು ಉಪಕರಣಗಳ ಮೌಲ್ಯ ಕೆಲವು ಸಾವಿರ ರೂಪಾಯಿ ಎಂದಿದೆ. ಅದು ಪುಸ್ತಕ ಮೌಲ್ಯ. ಅದೇ ಕೆಲಸ ಮಾಡುವ ಹೊಸದನ್ನು ಕೊಳ್ಳಲು ಎಷ್ಟು ಬೇಕು ಎಂಬುದು ಬದಲಿ ಮೌಲ್ಯ. ಈ ಎರಡು ಒಂದೇ ಅಲ್ಲ ಎಂದು ನಮಗೆ ತರಗತಿಯಲ್ಲಿ ಕಲಿಸಿದ್ದಾರೆ. ಗುಜರಿಯಿಂದ ಬರುವ ಹಣ ಒಂದು ಸಲದ್ದು. ಉಪಕರಣ ಉಳಿದರೆ ಪ್ರತಿ ವರ್ಷದ ತಂಡಕ್ಕೂ ಅದು ಸಿಗುತ್ತದೆ.

ಪಟ್ಟಿ ಮಾರ್ಚ್ ಕೊನೆಯಲ್ಲಿ ಆಡಳಿತ ಮಂಡಳಿಯ ಮುಂದೆ ಹೋಗುತ್ತದೆ. ‘ಕಂಪ್ಯೂಟರಿಗೆ ಜೋಡಿಸಲು ಬರುವುದಿಲ್ಲ’ ಎಂಬ ಸಾಲಿನ ಬದಲು ಮಾದರಿ ಸಂಖ್ಯೆ, ಹಿಂಬದಿಯ ಪೋರ್ಟ್, ವೇಗ, ಬೇಕಾದ ಕೇಬಲ್, ಅದರ ಅಂದಾಜು ಬೆಲೆ, ಈ ಐದು ಕಾಲಂ ಇರುವ ಹಾಳೆಯನ್ನು ಸಿದ್ಧಪಡಿಸಿ ಪ್ರಾಂಶುಪಾಲರಿಗೆ ಕೊಟ್ಟಿದ್ದೇವೆ. ಭೌತಶಾಸ್ತ್ರ, ಜೀವಶಾಸ್ತ್ರ ಲ್ಯಾಬುಗಳ ಸಾಮಾನು ಇನ್ನೂ ನೋಡಿಲ್ಲ. ವಿಜ್ಞಾನ ವಿಭಾಗದ ಗೆಳೆಯರು ಮುಂದಿನ ಪ್ರಾಕ್ಟಿಕಲ್ ದಿನ ಉಪಕರಣಗಳನ್ನು ಒಮ್ಮೆ ತಿರುಗಿಸಿ, ಬೆನ್ನ ಹಿಂದೆ ಏನಿದೆ ಎಂದು ಬರೆದುಕೊಟ್ಟರೆ ಹಾಳೆ ಪೂರ್ತಿಯಾಗುತ್ತದೆ.